ಮನೆಯಲ್ಲೇ ಬೋರ್ಷ್: ಬಣ್ಣ ಕೆಡದ ಹಾಗೆ, ಆಲೂಗಡ್ಡೆ ಬೇಯೋ ಹಾಗೆ

ಬೋರ್ಷ್ ಅಂದರೆ ಬೀಟ್‌ರೂಟಿನ ಕೆಂಪು ಸೂಪು, ಅದನ್ನು ಮಾಡೋದಕ್ಕೆ ದೊಡ್ಡ ಕೈಚಳಕ ಏನೂ ಬೇಡ. ಬೀಟ್‌ರೂಟ್, ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಇಷ್ಟೇ ತರಕಾರಿ. ಎಲ್ಲ ತಳ್ಳುಗಾಡಿಯಲ್ಲೇ ಸಿಗುತ್ತದೆ. ಆದರೂ ಮೊದಲ ಸಲ ಮಾಡಿದವರ ಬಾಯಲ್ಲಿ ಎರಡು ದೂರು ಕಾಯಂ ಇರುತ್ತದೆ: ಕಡುಗೆಂಪು ಬರುತ್ತೆ ಅಂತ ಕಾದರೆ ಮಾಸಲು ಕಂದು ಬಣ್ಣ ಬಂತು, ಆಲೂಗಡ್ಡೆ ಎಷ್ಟು ಹೊತ್ತು ಕುದಿಸಿದರೂ ಒಳಗೆ ಗಟ್ಟಿಯಾಗೇ ಉಳೀತು. ಎರಡಕ್ಕೂ ಮೂಲ ಒಂದೇ, ಹುಳಿ. ಹುಳಿ ಎಲ್ಲಿ ಬೀಳಬೇಕು, ಯಾವಾಗ ಬೀಳಬೇಕು ಅನ್ನೋದು ತಿಳಿದರೆ ಮುಕ್ಕಾಲು ಅಡುಗೆ ಆದ ಹಾಗೆ.

ಮೊದಲು ಇದು ಯಾರದ್ದು ಅನ್ನೋ ವಿಷಯ ಮುಗಿಸಿಬಿಡೋಣ. ನಾವೆಲ್ಲ ರಷ್ಯಾದ ಸೂಪು ಅಂತ ಕರೆದರೂ ಇದರ ತವರು ಉಕ್ರೇನ್. 2022ರ ಜುಲೈನಲ್ಲಿ ಯುನೆಸ್ಕೊ ಉಕ್ರೇನಿನ ಬೋರ್ಷ್ ಅಡುಗೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆಗ ಅಲ್ಲಿ ಯುದ್ಧ ನಡೆಯುತ್ತಾ ನಾಲ್ಕು ತಿಂಗಳು ಕಳೆದಿತ್ತು. ಹಾಗಂತ ರಷ್ಯಾದವರು ಮಾಡೋದನ್ನು ಬಿಟ್ಟಿಲ್ಲ. ಅಲ್ಲಿನ ಮನೆಗಳಲ್ಲೂ ಇದು ದಿನನಿತ್ಯದ ಅಡುಗೆ, ಹಿಂದೆ ಗಗನಯಾತ್ರಿಗಳಿಗೂ ಟ್ಯೂಬಿನಲ್ಲಿ ತುಂಬಿ ಕಳಿಸುತ್ತಿದ್ದಷ್ಟು ದಿನನಿತ್ಯದ್ದು. ಮಾಸ್ಕೋ ಬಗೆಯಲ್ಲಿ ಬೀಫ್ ಜೊತೆಗೆ ಹ್ಯಾಮ್, ಸಾಸೇಜ್ ಚೂರು ಬೀಳುತ್ತದೆ. ಉಕ್ರೇನಿನ ಕಡೆ ಉಪ್ಪು ಹಾಕಿಟ್ಟ ಹಂದಿ ಕೊಬ್ಬನ್ನು ಬೆಳ್ಳುಳ್ಳಿ ಜೊತೆ ಜಜ್ಜಿ ಕೊನೆಯಲ್ಲಿ ಹಾಕುತ್ತಾರೆ. ಪೋಲೆಂಡಿನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾಡೋದು ತಿಳಿಯಾದ ಕೆಂಪು ಸಾರು, ಅದರಲ್ಲಿ ಅಣಬೆ ತುಂಬಿದ ಪುಟ್ಟ ಕಡುಬು ತೇಲುತ್ತಿರುತ್ತದೆ. ನಾನಿಲ್ಲಿ ಹೇಳುತ್ತಿರುವುದು ರಷ್ಯಾದ ಮನೆಗಳಲ್ಲಿ ಒಂದು ದೊಡ್ಡ ಪಾತ್ರೆ ತುಂಬ ಮಾಡಿಟ್ಟು ಎರಡು ಮೂರು ದಿನ ಉಣ್ಣುವ ಸಾದಾ ಬಗೆ. ಅಲ್ಲಿ ಮೆಡಿಕಲ್ ಓದಲು ಹೋದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಕ್ಯಾಂಟೀನಿನ ಬೋರ್ಷ್ ಪರಿಚಯ ಇರುತ್ತದೆ. ಕ್ಯಾಂಟೀನಿನದ್ದು ತೆಳು. ಮನೆಯದ್ದು ಗಟ್ಟಿ, ಚಮಚ ನೆಟ್ಟರೆ ನಿಲ್ಲಬೇಕು ಅಂತ ಅಲ್ಲಿಯವರೇ ಹೇಳುತ್ತಾರೆ.

ಈಗ ಹುಳಿಯ ವಿಷಯ. ಬೀಟ್‌ರೂಟಿನ ಕೆಂಪು ಬಣ್ಣ ಬಹಳ ಸೂಕ್ಷ್ಮ. ಜಾಸ್ತಿ ಹೊತ್ತು ಕುದಿಸಿದರೆ ಒಡೆದುಹೋಗಿ ಕಂದಾಗುತ್ತದೆ. ಸ್ವಲ್ಪ ಹುಳಿ ಜೊತೆಗಿದ್ದರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಬೀಟ್‌ರೂಟಿಗೆ ಒಂದು ಮಣ್ಣಿನ ವಾಸನೆ ಇದೆಯಲ್ವಾ, ಎಷ್ಟೋ ಜನ ಅದಕ್ಕೇ ಅದನ್ನು ದೂರ ಇಡೋದು, ಆ ವಾಸನೆಯೂ ಹುಳಿ ಬಿದ್ದರೆ ಇಳಿಯುತ್ತದೆ. ಹಾಗಾಗಿ ಬೀಟ್‌ರೂಟಿಗೆ ಹುಳಿ ಬೇಕೇ ಬೇಕು. ಆದರೆ ಆಲೂಗಡ್ಡೆಗೆ ಹುಳಿ ಶತ್ರು. ಹುಳಿ ನೀರಿನಲ್ಲಿ ಬಿದ್ದ ಆಲೂಗಡ್ಡೆ ಮೆತ್ತಗಾಗಲ್ಲ, ಅರ್ಧ ಗಂಟೆ ಕುದಿಸಿದರೂ ಹಲ್ಲಿಗೆ ಕಟಕ್ ಅನ್ನುತ್ತದೆ. ನಮ್ಮ ಮನೆಗಳಲ್ಲಿ ಬೇಳೆ, ತರಕಾರಿ ಬೆಂದ ಮೇಲೇ ಹುಣಸೆರಸ ಹಾಕೋದು ಇದೇ ಕಾರಣಕ್ಕೆ. ಆದ್ದರಿಂದ ಬೀಟ್‌ರೂಟನ್ನು ಬೇರೆ ಬಾಣಲೆಯಲ್ಲಿ ಹುಳಿ ಹಾಕಿ ಬೇಯಿಸಿ, ಆಲೂಗಡ್ಡೆಯನ್ನು ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಎರಡನ್ನೂ ಕೊನೆಯಲ್ಲಿ ಸೇರಿಸಬೇಕು. ಸುಮ್ನೆ ಎಲ್ಲ ತರಕಾರಿ ಹೆಚ್ಚಿ ಕುಕ್ಕರಿಗೆ ಹಾಕಿ ನಾಲ್ಕು ಕೂಗು ಕೂಗಿಸಿದರೆ ಬರೋದು ಬೀಟ್‌ರೂಟ್ ಸಾಂಬಾರಿನ ತಂಗಿ, ಬೋರ್ಷ್ ಅಲ್ಲ.

ಆರು ಜನ ಹೊಟ್ಟೆ ತುಂಬ ಉಣ್ಣುವಷ್ಟಕ್ಕೆ ಲೆಕ್ಕ ಹೇಳುತ್ತೇನೆ. ಮೂಳೆ ಸಮೇತ ಬೀಫ್ 700ರಿಂದ 800 ಗ್ರಾಂ, ಕಾಲಿನ ಭಾಗವಾದರೆ ಒಳ್ಳೆಯದು. ನೀರು 3 ಲೀಟರ್. ಬೀಟ್‌ರೂಟ್ ಸುಮಾರು 400 ಗ್ರಾಂ, ಅಂದರೆ ಮಧ್ಯಮ ಗಾತ್ರದ್ದು ಎರಡೋ ಮೂರೋ. ಆಲೂಗಡ್ಡೆ 350 ಗ್ರಾಂ. ಎಲೆಕೋಸು 300 ಗ್ರಾಂ. ದೊಡ್ಡ ಕ್ಯಾರೆಟ್ ಒಂದು, ದೊಡ್ಡ ಈರುಳ್ಳಿ ಒಂದು, ಮತ್ತೆ ಮೂಳೆ ಜೊತೆ ಬೇಯಿಸಲು ಇನ್ನೊಂದು ಈರುಳ್ಳಿ. ಟೊಮೆಟೊ ಪೇಸ್ಟ್ ಎರಡು ದೊಡ್ಡ ಚಮಚ. ವಿನೆಗರ್ ಎರಡು ದೊಡ್ಡ ಚಮಚ, ಸಕ್ಕರೆ ಒಂದು ಚಿಕ್ಕ ಚಮಚ. ಬೆಳ್ಳುಳ್ಳಿ ನಾಲ್ಕೈದು ಎಸಳು, ಕರಿಮೆಣಸು ಏಳೆಂಟು ಕಾಳು, ಬೇ ಲೀಫ್ ಎರಡು, ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಸೂರ್ಯಕಾಂತಿ ಎಣ್ಣೆ, ಉಪ್ಪು. ಮೇಲೆ ಹಾಕಲು ಸ್ಮೆತಾನ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸಾಮಾನಿನ ಬಗ್ಗೆ ಎರಡು ಮೂರು ಮಾತು ಇಲ್ಲೇ ಹೇಳಬೇಕು. ಬೀಟ್‌ರೂಟ್ ಆರಿಸುವಾಗ ಮುಷ್ಟಿಗಿಂತ ದೊಡ್ಡದು ಬೇಡ, ದೊಡ್ಡದರಲ್ಲಿ ನಾರು ಜಾಸ್ತಿ. ಗಟ್ಟಿಯಾಗಿರಬೇಕು, ಒತ್ತಿದರೆ ಬಗ್ಗಬಾರದು. ಹೆಚ್ಚಿದಾಗ ಒಳಗೆ ಬಿಳಿ ಬಿಳಿ ಉಂಗುರ ಕಂಡರೆ ಬಣ್ಣ ತೆಳುವಾಗೇ ಬರುತ್ತದೆ, ಅಂಥದ್ದು ಪಲ್ಯಕ್ಕಿರಲಿ. ವಿನೆಗರ್ ಲೆಕ್ಕ ನಮ್ಮ ಅಂಗಡಿಗಳಲ್ಲಿ ಸಿಗುವ ಶೇಕಡಾ 4ರಿಂದ 5ರದ್ದಕ್ಕೆ. ರಷ್ಯಾದಲ್ಲಿ ಅಡುಗೆಗೆ ಬಳಸುವುದು ಶೇಕಡಾ 9ರದ್ದು, ಹಾಗಾಗಿ ಅಲ್ಲಿಯವರ ಪಾಕವಿಧಾನ ನೋಡಿ ಮಾಡುವಾಗ ಒಂದು ಚಮಚ ಅಂತ ಬರೆದಿದ್ದರೆ ನೀವು ಎರಡು ಅಂತ ಓದಿಕೊಳ್ಳಿ. ವಿನೆಗರ್ ಬೇಡ ಅನ್ನುವವರು ನಿಂಬೆರಸ ಹಾಕಬಹುದು, ಕೆಲಸ ಅದೇ.

ಬೇ ಲೀಫ್ ವಿಷಯದಲ್ಲಿ ಮಾತ್ರ ಹುಷಾರು. ನಮ್ಮ ಪಲಾವ್ ಎಲೆ ಬೇರೆ, ಅವರ ಎಲೆ ಬೇರೆ. ಪಲಾವ್ ಎಲೆಯ ಉದ್ದಕ್ಕೂ ಮೂರು ಗೆರೆ ಇರುತ್ತದೆ, ದಾಲ್ಚಿನ್ನಿಯ ಘಮ ಬರುತ್ತದೆ. ಅವರದ್ದಕ್ಕೆ ನಡುವೆ ಒಂದೇ ಗೆರೆ, ಘಮವೂ ಬೇರೆ ಥರ. ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಗೆರೆಯದ್ದು ಸಿಕ್ಕರೆ ತನ್ನಿ. ಸಿಗದಿದ್ದರೆ ಎಲೆಯೇ ಬೇಡ. ಪಲಾವ್ ಎಲೆ ಹಾಕಿದರೆ ಸೂಪಿಗೆ ಬಿರಿಯಾನಿ ವಾಸನೆ ಬಂದುಬಿಡುತ್ತದೆ.

ಸಬ್ಬಸಿಗೆ ವಿಷಯದಲ್ಲಿ ನಾವು ಪುಣ್ಯವಂತರು. ಬೇರೆ ದೇಶಗಳಲ್ಲಿ ಎಷ್ಟೋ ಜನ ಈ ಸೊಪ್ಪಿಗಾಗಿ ಅಲೆಯಬೇಕು, ನಮ್ಮಲ್ಲಿ ಅಕ್ಕಿ ರೊಟ್ಟಿಗೆ, ಬೇಳೆ ಪಲ್ಯಕ್ಕೆ ಅಂತ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಬಿದ್ದಿರುತ್ತದೆ. ರಷ್ಯಾದವರ ಊಟದಲ್ಲಿ ಇದಿಲ್ಲದ ತಟ್ಟೆಯೇ ಕಡಿಮೆ. ಬೇಯಿಸಿದ ಆಲೂಗಡ್ಡೆ ಮೇಲೆ, ಮೀನಿನ ಮೇಲೆ, ಸೌತೆಕಾಯಿ ಉಪ್ಪಿನಕಾಯಿ ಜಾಡಿಯೊಳಗೆ, ಎಲ್ಲ ಕಡೆ ಅದೇ. ನಮ್ಮ ಸಬ್ಬಸಿಗೆಯ ಘಾಟು ಸ್ವಲ್ಪ ಜಾಸ್ತಿ, ಅದಕ್ಕೆ ಬರೀ ಎಲೆ ಭಾಗ ಬಿಡಿಸಿಕೊಂಡು ಸಣ್ಣಗೆ ಹೆಚ್ಚಿ. ಕೊತ್ತಂಬರಿ ಹಾಕಲು ಕೈ ತುಡಿಯುತ್ತದೆ, ತಡೆದುಕೊಳ್ಳಿ. ಒಗ್ಗರಣೆ, ಅರಿಶಿನ, ಹಸಿಮೆಣಸು ಯಾವುದೂ ಬೇಡ. ಖಾರ ಬೇಕಾದವರು ತಟ್ಟೆಯಲ್ಲಿ ಮೆಣಸಿನ ಪುಡಿ ಉದುರಿಸಿಕೊಳ್ಳಲಿ.

ಇನ್ನು ಒಲೆ ಹಚ್ಚೋಣ. ಮೊದಲು ಮೂಳೆರಸ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಮಾಂಸ ಇಟ್ಟು ತಣ್ಣೀರು ಸುರಿಯಿರಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಕೊನೆಗೆ ಇದೇ ಪಾತ್ರೆಗೆ ಹುಳಿ ಬೀಳುತ್ತದೆ. ಮಧ್ಯಮ ಉರಿಯಲ್ಲಿ ಕಾಯಲು ಬಿಟ್ಟರೆ ಕುದಿ ಬರುವ ಹೊತ್ತಿಗೆ ಬೂದು ಬಣ್ಣದ ನೊರೆ ಮೇಲೆ ಬಂದು ಅಂಚಿಗೆ ಕೂರುತ್ತದೆ. ಸೌಟಿನಿಂದ ಅದನ್ನು ತೆಗೆದು ಚೆಲ್ಲಿ. ಮತ್ತೆ ಬರುತ್ತದೆ, ಮತ್ತೆ ತೆಗೆಯಿರಿ. ನೊರೆ ಬಿಳಿಯಾಗಿ ನಿಂತ ಮೇಲೆ ಉರಿ ಪೂರ್ತಿ ಇಳಿಸಿ, ಸಿಪ್ಪೆ ಸುಲಿದ ಇಡೀ ಈರುಳ್ಳಿ, ಕರಿಮೆಣಸು, ಒಂದು ಚಮಚ ಉಪ್ಪು ಹಾಕಿ, ಮುಚ್ಚಳ ಸ್ವಲ್ಪ ಓರೆ ಇಟ್ಟು ಎರಡರಿಂದ ಎರಡೂವರೆ ಗಂಟೆ ಬಿಡಿ. ಕೊತಕೊತ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು, ಆಗ ರಸ ತಿಳಿಯಾಗಿ ಬರುತ್ತದೆ. ಮಾಂಸ ಮೂಳೆ ಬಿಟ್ಟು ಬಂದರೆ ಆಯಿತು. ಮಾಂಸ ತೆಗೆದಿಟ್ಟು, ಈರುಳ್ಳಿ ಎಸೆದು, ರಸ ಸೋಸಿ. ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಉಳಿದಿರಬೇಕು, ಕಡಿಮೆ ಇದ್ದರೆ ಬಿಸಿ ನೀರು ಸೇರಿಸಿ.

ಅಷ್ಟು ಹೊತ್ತು ಗ್ಯಾಸ್ ಉರಿಸಲು ಮನಸ್ಸಿಲ್ಲದವರು ಈ ಒಂದು ಹಂತಕ್ಕೆ ಕುಕ್ಕರ್ ಬಳಸಬಹುದು. ನೊರೆ ತೆಗೆದ ಮೇಲೆ ಮುಚ್ಚಳ ಹಾಕಿ, ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ರಸ ಸ್ವಲ್ಪ ಕದಡಿದ ಹಾಗೆ ಬರುತ್ತದೆ, ಬೀಟ್‌ರೂಟ್ ಬಿದ್ದ ಮೇಲೆ ಅದನ್ನು ಯಾರು ನೋಡುತ್ತಾರೆ ಹೇಳಿ. ಬೀಫ್ ತಿನ್ನದವರು ಮೂಳೆ ಸಮೇತ ಮಟನ್ ಹಾಕಿ, ಒಂದೂವರೆ ಗಂಟೆ ಸಾಕು. ಕೋಳಿಯಾದರೆ ತೊಡೆ ಭಾಗ, ಮುಕ್ಕಾಲು ಗಂಟೆ. ಉಕ್ರೇನಿನಲ್ಲಿ ಹಂದಿ ಮೂಳೆ ಹಾಕುವವರೂ ಬೇಕಾದಷ್ಟು ಜನ, ಕೊಡಗಿನವರಿಗೆ ಅದು ಸುಲಭ ದಾರಿ.

ರಸ ಬೇಯುತ್ತಿರುವಾಗ ಬೀಟ್‌ರೂಟ್ ಕೆಲಸ ಶುರು ಮಾಡಿ. ಸಿಪ್ಪೆ ತೆಗೆದು ಬೆಂಕಿಕಡ್ಡಿಯಷ್ಟು ದಪ್ಪಕ್ಕೆ ಉದ್ದುದ್ದ ಹೆಚ್ಚಿ. ತುರಿಮಣೆಯ ದೊಡ್ಡ ತೂತಿನಲ್ಲಿ ತುರಿಯುವವರೂ ಇದ್ದಾರೆ, ಬೇಗ ಆಗುತ್ತದೆ, ಆದರೆ ತುರಿದದ್ದು ಸೂಪಿನಲ್ಲಿ ಕರಗಿ ಮುದ್ದೆಯಾಗುತ್ತದೆ. ಚಾಕುವಿನಲ್ಲಿ ಹೆಚ್ಚಿದ್ದು ಬಾಯಿಗೆ ಸಿಗುತ್ತದೆ, ನನ್ನ ವೋಟು ಚಾಕುವಿಗೆ. ಕೈ ಕೆಂಪಾಗೋದು ಗ್ಯಾರಂಟಿ, ನಿಂಬೆ ಹೋಳಿಗೆ ಉಪ್ಪು ಮುಟ್ಟಿಸಿ ತಿಕ್ಕಿದರೆ ಹೋಗುತ್ತದೆ.

ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಬೀಟ್‌ರೂಟ್ ಹಾಕಿ. ಒಂದು ಚಿಟಿಕೆ ಉಪ್ಪು. ಮೂರು ನಾಲ್ಕು ನಿಮಿಷ ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಬಣ್ಣ ನಿಧಾನವಾಗಿ ಮಾಸಿದ ಹಾಗೆ ಕಾಣುತ್ತದೆ, ಕೆಂಪಿನಲ್ಲಿ ಒಂದು ಮಂಕು ಕಂದು ಇಣುಕುತ್ತದೆ. ಆಗ ವಿನೆಗರ್ ಸುರಿಯಿರಿ. ಚುಂಯ್ ಅಂತ ಹಬೆ ಎದ್ದು ಮೂಗಿಗೆ ಹೊಡೆಯುತ್ತದೆ, ಸ್ವಲ್ಪ ಹಿಂದೆ ಸರಿದು ನಿಲ್ಲಿ. ಹಬೆ ಇಳಿದ ಮೇಲೆ ಬಾಣಲೆ ನೋಡಿದರೆ ಬಣ್ಣ ಮತ್ತೆ ಹೊಳೆಯುವ ಕೆಂಪಿಗೆ ತಿರುಗಿರುತ್ತದೆ. ಇದೊಂದು ಕ್ಷಣಕ್ಕಾದರೂ ಅಡುಗೆಮನೆಗೆ ಮಕ್ಕಳನ್ನು ಕರೆದು ತೋರಿಸಬಹುದು. ಈಗ ಸಕ್ಕರೆ, ಟೊಮೆಟೊ ಪೇಸ್ಟ್ ಹಾಕಿ ಒಂದು ನಿಮಿಷ ಹುರಿದು, ಪಾತ್ರೆಯಿಂದ ಒಂದು ಸೌಟು ಮೂಳೆರಸ ತೆಗೆದು ಇದಕ್ಕೆ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಮಧ್ಯೆ ಒಣಗಿದರೆ ಇನ್ನರ್ಧ ಸೌಟು ರಸ. ಬೀಟ್‌ರೂಟ್ ಮೆತ್ತಗಾಗಿಯೂ ಆಕಾರ ಬಿಡದೆ ಇರಬೇಕು.

ಟೊಮೆಟೊ ಪೇಸ್ಟ್ ಮನೆಯಲ್ಲಿಲ್ಲ ಅಂದರೆ ಹಣ್ಣಾದ ಮೂರು ಟೊಮೆಟೊ ತುರಿದು, ಸಿಪ್ಪೆ ಬಿಟ್ಟು, ನೀರು ಆರಿ ಎಣ್ಣೆ ಬಿಡುವವರೆಗೆ ಬೇರೆ ಹುರಿದು ಸೇರಿಸಿ. ಕೆಚಪ್ ಹಾಕಬೇಡಿ, ಅದರ ಮಸಾಲೆ ವಾಸನೆ ಎಲ್ಲವನ್ನೂ ಮುಚ್ಚುತ್ತದೆ.

ಇನ್ನೊಂದು ಒಲೆ ಖಾಲಿ ಇದ್ದರೆ ಅದರ ಮೇಲೆ ಈರುಳ್ಳಿ, ಕ್ಯಾರೆಟ್. ಈರುಳ್ಳಿ ಸಣ್ಣಗೆ, ಕ್ಯಾರೆಟ್ ಕಡ್ಡಿ ಕಡ್ಡಿಯಾಗಿ ಹೆಚ್ಚಿ. ಎರಡು ಚಮಚ ಎಣ್ಣೆಯಲ್ಲಿ ಏಳೆಂಟು ನಿಮಿಷ ಬಾಡಿಸಿದರೆ ಎಣ್ಣೆಯೇ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಕಪ್ಪಾಗುವ ತನಕ ಹುರಿಯೋದು ಬೇಡ. ಈ ಹುರಿದ ಮಿಶ್ರಣಕ್ಕೆ ಅಲ್ಲಿ ಜಜಾರ್ಕ ಅನ್ನುತ್ತಾರೆ, ಅವರ ಎಷ್ಟೋ ಸೂಪುಗಳ ರುಚಿ ನಿಂತಿರುವುದೇ ಇದರ ಮೇಲೆ.

ಈಗ ದೊಡ್ಡ ಪಾತ್ರೆಗೆ ಬನ್ನಿ. ಸೋಸಿದ ರಸ ಕುದಿಗೆ ಬರಲಿ. ಆಲೂಗಡ್ಡೆಯನ್ನು ಒಂದೊಂದು ತುತ್ತಿನ ಗಾತ್ರಕ್ಕೆ ಹೆಚ್ಚಿ ಹಾಕಿ, ಒಂದು ಚಿಕ್ಕದನ್ನು ಮಾತ್ರ ಇಡಿಯಾಗಿ ಹಾಕಿ. ಹತ್ತು ನಿಮಿಷ ಕುದಿಸಿ. ಎಲೆಕೋಸು ಸಣ್ಣಗೆ ಸೀಳಿ ಹಾಕಿ, ಎಳೆಯದಾದರೆ ಐದು ನಿಮಿಷ, ಗಟ್ಟಿ ಕೋಸಾದರೆ ಎಂಟು ಹತ್ತು ನಿಮಿಷ. ಈಗ ಚಾಕು ತುದಿಯಿಂದ ಆಲೂಗಡ್ಡೆ ಚುಚ್ಚಿ ನೋಡಿ. ಪೂರ್ತಿ ಬೆಂದಿದ್ದರೆ ಮಾತ್ರ ಮುಂದಿನ ಹೆಜ್ಜೆ, ಯಾಕೆ ಅಂತ ಮೊದಲೇ ಹೇಳಿದ್ದೇನೆ. ಆ ಇಡೀ ಆಲೂಗಡ್ಡೆಯನ್ನು ತೆಗೆದು ತಟ್ಟೆಯಲ್ಲಿ ಸೌಟಿನಿಂದ ಹಿಸುಕಿ ವಾಪಸ್ ಹಾಕಿ, ಸೂಪು ಮೈದಾ ಗಿಯ್ದಾ ಇಲ್ಲದೆ ಗಟ್ಟಿಯಾಗುತ್ತದೆ. ಮೂಳೆಯಿಂದ ಬಿಡಿಸಿದ ಮಾಂಸದ ಚೂರು, ಕ್ಯಾರೆಟ್ ಈರುಳ್ಳಿ, ಬೇ ಲೀಫ್, ಕೊನೆಗೆ ಬೀಟ್‌ರೂಟ್, ಎಲ್ಲ ಒಳಗೆ. ಉಪ್ಪು ನೋಡಿ. ಮತ್ತೆ ಕುದಿ ಬಂದ ತಕ್ಷಣ ಉರಿ ಇಳಿಸಿ ಐದಾರು ನಿಮಿಷ ಅಷ್ಟೇ. ಬೀಟ್‌ರೂಟ್ ಬಿದ್ದ ಮೇಲೆ ಪಾತ್ರೆಯನ್ನು ಜೋರು ಉರಿಯಲ್ಲಿ ಬಿಟ್ಟು ಫೋನ್ ನೋಡುತ್ತಾ ಕೂರಬೇಡಿ, ಬಣ್ಣ ಅಲ್ಲೇ ಹೋಗೋದು.

ಒಲೆ ಆರಿಸಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಸಬ್ಬಸಿಗೆ. ಮುಚ್ಚಳ ಮುಚ್ಚಿ ಅರ್ಧ ಗಂಟೆಯಾದರೂ ಸುಮ್ಮನೆ ಬಿಡಿ. ಆ ಅರ್ಧ ಗಂಟೆಯಲ್ಲಿ ಆಲೂಗಡ್ಡೆ, ಕೋಸು ಎಲ್ಲ ಕೆಂಪು ಹೀರಿಕೊಳ್ಳುತ್ತದೆ. ಆಮೇಲೆ ರುಚಿ ನೋಡಿ. ಹುಳಿ, ಸಿಹಿ, ಉಪ್ಪು ಮೂರೂ ಗೊತ್ತಾಗಬೇಕು, ಯಾವುದೂ ಮುಂದೆ ನುಗ್ಗಬಾರದು. ಹುಳಿ ಸಾಲದಿದ್ದರೆ ನಾಲ್ಕು ಹನಿ ನಿಂಬೆ, ಜಾಸ್ತಿಯಾಗಿದ್ದರೆ ಚಿಟಿಕೆ ಸಕ್ಕರೆ.

ಇಷ್ಟಾದರೂ ಬಣ್ಣ ಮಂಕಾಗಿ ಬಂತು ಅಂದರೆ ರಿಪೇರಿ ಇದೆ. ಅರ್ಧ ಹಸಿ ಬೀಟ್‌ರೂಟ್ ತುರಿದು, ಒಂದು ಲೋಟ ಬಿಸಿ ರಸಕ್ಕೆ ಹಾಕಿ, ಒಂದು ಚಮಚ ವಿನೆಗರ್ ಸೇರಿಸಿ ಹದಿನೈದು ನಿಮಿಷ ಬಿಟ್ಟು, ಸೋಸಿ ಆ ಕೆಂಪು ನೀರನ್ನು ಪಾತ್ರೆಗೆ ಸುರಿಯಿರಿ. ಮತ್ತೆ ಕುದಿಸಬೇಡಿ. ಹೋಟೆಲಿನವರೂ ಮಾಡೋದು ಹೆಚ್ಚುಕಡಿಮೆ ಇದನ್ನೇ.

ಸ್ಮೆತಾನ ಅಂದರೆ ಹುಳಿ ಬಂದ ಕೆನೆ, ಅಲ್ಲಿನ ಅಂಗಡಿಗಳಲ್ಲಿ ಕೊಬ್ಬಿನ ಲೆಕ್ಕದಲ್ಲಿ ಶೇಕಡಾ 15, 20, 25 ಅಂತ ಡಬ್ಬಿ ಡಬ್ಬಿ ಇಟ್ಟಿರುತ್ತಾರೆ. ನಮ್ಮಲ್ಲಿ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ನೀರಿಳಿಸಿ, ಒಂದು ಬಟ್ಟಲು ಮೊಸರಿಗೆ ಮೂರು ಚಮಚ ಫ್ರೆಶ್ ಕ್ರೀಮ್ ಕಲಸಿದರೆ ಅದರ ಹತ್ತಿರ ಬರುತ್ತದೆ. ಬರೀ ಮೊಸರು ಬಿಸಿ ಸೂಪಿನಲ್ಲಿ ಒಡೆಯುತ್ತದೆ. ಕೆನೆ ಸೇರಿದರೆ ಒಡೆಯೋದು ಕಡಿಮೆ. ಏನೇ ಆದರೂ ಪಾತ್ರೆಗೆ ಹಾಕಬೇಡಿ, ಬಡಿಸಿದ ಮೇಲೆ ಬಟ್ಟಲಿಗೆ ಒಂದು ಚಮಚ ಹಾಕಿ. ಪೂರ್ತಿ ಕಲಸಿ ಗುಲಾಬಿ ಮಾಡಿಕೊಳ್ಳುವವರು ಕೆಲವರು, ಅಂಚಿನಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುವವರು ಕೆಲವರು. ನಾನು ಎರಡನೇ ಗುಂಪು, ಒಂದೇ ಬಟ್ಟಲಿನಲ್ಲಿ ಎರಡು ರುಚಿ ಸಿಗುತ್ತಲ್ವಾ.

ಜೊತೆಗೆ ಅಲ್ಲಿ ರೈ ಹಿಟ್ಟಿನ ಕಪ್ಪು ಬ್ರೆಡ್ ಇರುತ್ತದೆ. ಉಕ್ರೇನಿನಲ್ಲಾದರೆ ಪಂಪುಷ್ಕಿ, ಅಂದರೆ ಬೆಳ್ಳುಳ್ಳಿ ಎಣ್ಣೆ ಸವರಿದ ಮೆತ್ತನೆ ಬನ್ನು. ನಾವು ಪಾವ್ ತಂದು ಬಿಸಿ ಮಾಡಿ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಸೂರ್ಯಕಾಂತಿ ಎಣ್ಣೆ, ಒಂದೆರಡು ಚಮಚ ನೀರು, ಸಬ್ಬಸಿಗೆ ಕಲಸಿ ಮೇಲೆ ಸವರಿದರೆ ಸಾಕು. ಅನ್ನಕ್ಕೆ ಕಲಸಿಕೊಂಡರೆ ಹೇಗೆ ಅಂತ ಕೇಳುವವರಿಗೆ, ಕಲಸಿಕೊಳ್ಳಿ, ನಿಮ್ಮ ತಟ್ಟೆ ನಿಮ್ಮದು.

ಮಾಂಸ ತಿನ್ನದವರಿಗೆ ಏನೋ ಒಂದು ಬದಲಿ ಹುಡುಕುವ ಕಷ್ಟ ಇಲ್ಲ, ಅವರ ಸಂಪ್ರದಾಯದಲ್ಲೇ ಸಸ್ಯಾಹಾರಿ ಬೋರ್ಷ್ ಇದೆ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮುಂಚೆ ಏಳು ವಾರ ಉಪವಾಸ ಹಿಡಿಯುತ್ತಾರೆ, ಆಗ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಆ ದಿನಗಳ ಬೋರ್ಷಿಗೆ ಒಣ ಅಣಬೆ ಮತ್ತು ರಾಜ್ಮಾ ಥರದ ಕಾಳು ಹಾಕುತ್ತಾರೆ. 30 ಗ್ರಾಂ ಒಣ ಅಣಬೆಯನ್ನು ಬಿಸಿ ನೀರಿನಲ್ಲಿ ಒಂದು ಗಂಟೆ ನೆನೆಸಿ. ರಾತ್ರಿ ನೆನೆಸಿದ ಒಂದು ಬಟ್ಟಲು ರಾಜ್ಮಾವನ್ನು ಹೊಸ ನೀರು ಹಾಕಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಅಣಬೆ ನೆನೆಸಿದ ನೀರನ್ನು ಮಣ್ಣು ಬರದ ಹಾಗೆ ಸೋಸಿ, ಅದೂ ರಾಜ್ಮಾದ ಕಟ್ಟೂ ಸೇರಿ ಎರಡು ಲೀಟರ್ ಆಗುವಷ್ಟು ನೀರು ಹಾಕಿ, ಮೂಳೆರಸದ ಜಾಗದಲ್ಲಿ ಇದನ್ನು ಬಳಸಿ. ಅಣಬೆಯನ್ನು ಹೆಚ್ಚಿ ಈರುಳ್ಳಿ ಜೊತೆ ಹುರಿಯಿರಿ. ಮಿಕ್ಕಿದ್ದೆಲ್ಲ ಹಾಗೇ. ನನ್ನ ಕೇಳಿದರೆ ಕೋಳಿ ಹಾಕಿ ಮಾಡಿದ್ದಕ್ಕಿಂತ ಇದೇ ರುಚಿ.

ಇನ್ನೂ ಹಳೆಯ ದಾರಿ ಬೇಕು ಅನ್ನುವವರಿಗೆ ಬೀಟ್‌ರೂಟ್ ಕ್ವಾಸ್, ಅಂದರೆ ಬೀಟ್‌ರೂಟನ್ನು ಉಪ್ಪು ನೀರಿನಲ್ಲಿ ನೆನೆಯಿಟ್ಟು ಹುಳಿ ಬರಿಸಿದ ರಸ. ಟೊಮೆಟೊ, ವಿನೆಗರ್ ಬರುವ ಮುಂಚೆ ಹುಳಿ ಬರುತ್ತಿದ್ದದ್ದು ಇದರಿಂದ. ಅರ್ಧ ಕಿಲೋ ಬೀಟ್‌ರೂಟ್ ಹೋಳು ಮಾಡಿ ಗಾಜಿನ ಜಾಡಿಗೆ ಹಾಕಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಸುರಿದು, ಹೋಳು ಮುಳುಗಿರುವ ಹಾಗೆ ಭಾರ ಇಟ್ಟು, ಬಟ್ಟೆ ಕಟ್ಟಿ ಬಿಡಿ. ಬೆಂಗಳೂರಿನ ಹವೆಗೆ ಮೂರು ನಾಲ್ಕು ದಿನ, ಮಂಗಳೂರು, ರಾಯಚೂರಿನಲ್ಲಿ ಇನ್ನೂ ಬೇಗ. ದಿನಾ ಮೇಲಿನ ನೊರೆ ತೆಗೆಯಿರಿ. ಹುಳಿ ವಾಸನೆ ಬಂದರೆ ಸರಿ. ಬೂಷ್ಟು ಬಂದರೆ ಪೂರ್ತಿ ಎಸೆಯಿರಿ, ಮೇಲಷ್ಟೇ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ. ವಿನೆಗರ್ ಬದಲು ಬಾಣಲೆಗೆ ಅರ್ಧ ಲೋಟ, ಕೊನೆಯಲ್ಲಿ ಪಾತ್ರೆಗೆ ಒಂದು ಲೋಟ. ಇದರಲ್ಲಿ ಉಪ್ಪಿರುತ್ತದೆ, ಸೂಪಿಗೆ ಹಾಕುವಾಗ ನೋಡಿಕೊಂಡು ಹಾಕಿ.

ಬೋರ್ಷ್ ಮಾರನೇ ದಿನ ಇನ್ನೂ ರುಚಿ ಅನ್ನೋದು ಅಲ್ಲಿ ಎಲ್ಲರೂ ಒಪ್ಪುವ ಮಾತು. ಆದರೆ ನಮ್ಮ ಸೆಖೆಯಲ್ಲಿ ರಾತ್ರಿಯಿಡೀ ಹೊರಗೆ ಬಿಡಬೇಡಿ, ಆರಿದ ಕೂಡಲೇ ಫ್ರಿಜ್ಜಿಗೆ. ಮೂರು ದಿನ ಚೆನ್ನಾಗಿರುತ್ತದೆ. ಬಿಸಿ ಮಾಡುವಾಗ ಬೇಕಾದಷ್ಟನ್ನೇ ಬೇರೆ ತೆಗೆದು ಸಣ್ಣ ಉರಿಯಲ್ಲಿ ಕಾಯಿಸಿ. ಇಡೀ ಪಾತ್ರೆಯನ್ನು ದಿನಾ ಕುದಿಸಿದರೆ ಮೂರನೇ ದಿನಕ್ಕೆ ಬಣ್ಣ ಇಟ್ಟಿಗೆ ಪುಡಿ. ಫ್ರೀಜರಿನಲ್ಲಿ ಇಡಬೇಕು ಅಂತಿದ್ದರೆ ಆಲೂಗಡ್ಡೆ ಹಾಕದೆ ಮಾಡಿ ಇಡಿ, ಹೆಪ್ಪುಗಟ್ಟಿ ಕರಗಿದ ಆಲೂಗಡ್ಡೆ ನೀರು ಬಿಟ್ಟು ಮರಳು ಮರಳಾಗುತ್ತದೆ. ಮತ್ತೆ ಒಂದು ವಿಷಯ, ಮಾರನೇ ಬೆಳಿಗ್ಗೆ ಬಚ್ಚಲಿನಲ್ಲಿ ಮೂತ್ರ ಕೆಂಪಾಗಿ ಕಂಡರೆ ಡಾಕ್ಟರಿಗೆ ಫೋನ್ ಮಾಡುವ ಮುಂಚೆ ನಿನ್ನೆ ಏನು ತಿಂದಿರಿ ಅಂತ ನೆನಪು ಮಾಡಿಕೊಳ್ಳಿ. ಬೀಟ್‌ರೂಟ್ ತಿಂದ ಕೆಲವರಿಗೆ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಆಗ ಫೋನ್ ಮಾಡಿ.